ಕಾರಿಗೆ ಯಾವ ಸ್ಪಾರ್ಕ್ ಪ್ಲಗ್?

ಕೇಳುಗರೇ, ನಮಸ್ಕಾರ.

ಕಾರಿನ ಸ್ಪಾರ್ಕ್ ಪ್ಲಗ್ ಬದಲಾಯಿಸುವ ಹೊತ್ತು ಬಂದಾಗ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಯಾವುದು ಒಳ್ಳೇದು? ಮಾಮೂಲಿಯಾ, ಪ್ಲಾಟಿನಮ್ಮಾ, ಇರಿಡಿಯಮ್ಮಾ?" ಅಂಗಡಿಯವರೂ ಅದಕ್ಕೆ ತಕ್ಕ ಹಾಗೆ ಮೂರು ಡಬ್ಬಿ ತೆಗೆದು ಮುಂದಿಡುತ್ತಾರೆ. ಬೆಲೆ ಜಾಸ್ತಿ ಇರುವುದೇ ಒಳ್ಳೆಯದಿರಬೇಕು ಅಂದುಕೊಂಡು ನಾವೂ ಅದನ್ನೇ ತರುತ್ತೇವೆ. ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಸರಿಹೊಂದಬೇಕಾದದ್ದು ಪ್ಲಗ್ಗಿನ ಥ್ರೆಡ್ಡಿನ ಅಳತೆ, ಅದರ ಉದ್ದ, ಹೀಟ್ ರೇಂಜ್, ಆಮೇಲೆ ಗ್ಯಾಪ್. ಇವು ತಪ್ಪಿದರೆ ಇರಿಡಿಯಂ ಇರಲಿ, ಬಂಗಾರದ ಪ್ಲಗ್ ಹಾಕಿದರೂ ಉಪಯೋಗವಿಲ್ಲ.

ಡೀಸೆಲ್ ಕಾರಿನವರು ಇವತ್ತು ಸುಮ್ನೆ ಕೇಳಿಸಿಕೊಂಡರೆ ಸಾಕು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಒತ್ತಿ ಬಿಸಿಯಾದ ಗಾಳಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದರಲ್ಲಿರುವ ಗ್ಲೋ ಪ್ಲಗ್ ಬೇರೆ ಜಾತಿ. ಚಳಿಯಲ್ಲಿ ಸ್ಟಾರ್ಟ್ ಆಗಲು ಬಿಸಿ ಕೊಡುವುದಷ್ಟೇ ಅದರ ಕೆಲಸ.

ಸ್ಪಾರ್ಕ್ ಪ್ಲಗ್ ನೋಡಲು ಬೆರಳುದ್ದದ ಸಾಮಾನು. ಮೇಲೆ ಬಿಳಿ ಪಿಂಗಾಣಿ, ಕೆಳಗೆ ಥ್ರೆಡ್ ಇರುವ ಲೋಹದ ಮೈ. ತುದಿಯಲ್ಲಿ ನಡುವಿನಿಂದ ಒಂದು ಕಡ್ಡಿ ಹೊರಬಂದಿರುತ್ತದೆ. ಅದರ ಎದುರಿಗೆ, ಪಕ್ಕದಿಂದ ಬಾಗಿ ಬಂದ ಒಂದು ಪಟ್ಟಿ. ಕಡ್ಡಿಗೂ ಪಟ್ಟಿಗೂ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಜಾಗ. ಇದಕ್ಕೇ ಗ್ಯಾಪ್ ಅನ್ನುವುದು. ಬ್ಯಾಟರಿಯ ವೋಲ್ಟನ್ನು ಏರಿಸಿ ಕೊಡುವ ಕಾಯಿಲ್‌ನಿಂದ ಬರುವ ಹತ್ತು ಸಾವಿರ, ಇಪ್ಪತ್ತು ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ವೋಲ್ಟು ಆ ಜಾಗವನ್ನು ಹಾರಿ ದಾಟುತ್ತದೆ. ಅದೇ ಕಿಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಅದೂ ಬೆಂಕಿಯ ನಡುವೆ ಕೂತುಕೊಂಡು. 1860ರಲ್ಲಿ ಎಟಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿ ಹಾಕಿದ್ದ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೊಲ್ಡ್ ಆಯಸ್ಕಾಂತದಿಂದ ವಿದ್ಯುತ್ ಹುಟ್ಟಿಸುವ, ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ಜೊತೆಗೆ ಸ್ಪಾರ್ಕ್ ಪ್ಲಗ್ ಜೋಡಿಸಿ ಕೊಟ್ಟ ಮೇಲೆ ಅದು ಕಾರಿನಲ್ಲಿ ಗಟ್ಟಿಯಾಗಿ ನೆಲೆಯೂರಿತು. ಒಳಗಿನ ಲೋಹ, ಪಿಂಗಾಣಿ ಎಲ್ಲ ಸುಧಾರಿಸಿವೆ. ಕೆಲಸ ಮಾಡುವ ರೀತಿ ಮಾತ್ರ ಇವತ್ತಿಗೂ ಅದೇ.

ಈಗ ಅಳತೆಗೆ ಬರೋಣ. ಕಾರುಗಳಲ್ಲಿ ಬಹಳ ಕಾಲ ನಡೆದು ಬಂದದ್ದು 14 ಮಿಲಿಮೀಟರ್ ಥ್ರೆಡ್ಡಿನ ಪ್ಲಗ್. ಹೊಸ ಎಂಜಿನ್ನುಗಳಲ್ಲಿ ವಾಲ್ವ್‌ಗೆ, ನೀರಿನ ದಾರಿಗೆ ಜಾಗ ಬೇಕಾದ್ದರಿಂದ 12 ಮಿಲಿಮೀಟರ್ ಪ್ಲಗ್ಗೂ ಸಾಕಷ್ಟು ಬಂದಿದೆ. ಇದರಲ್ಲಿ ಎಡವುವುದು ಕಷ್ಟ. ತಪ್ಪು ದಪ್ಪದ ಪ್ಲಗ್ ತೂತಿಗೆ ಕೂರುವುದೇ ಇಲ್ಲ. ಎಡವುವುದು ಉದ್ದದಲ್ಲಿ. ಥ್ರೆಡ್ ಇರುವ ಭಾಗದ ಉದ್ದಕ್ಕೆ ರೀಚ್ ಅನ್ನುತ್ತಾರೆ. 14 ಮಿಲಿಮೀಟರ್ ಪ್ಲಗ್ಗಿನಲ್ಲೇ 12.7 ರೀಚ್ ಇದೆ, 19 ಇದೆ, 26.5 ಇದೆ. ಮೂರೂ ಅದೇ ತೂತಿಗೆ ಸಲೀಸಾಗಿ ತಿರುಗಿ ಹೋಗುತ್ತವೆ. ಕೈಗೆ ಏನೂ ಗೊತ್ತಾಗುವುದಿಲ್ಲ.

ಉದ್ದ ಬೇಕಾದಲ್ಲಿ ಗಿಡ್ಡ ಪ್ಲಗ್ ಹಾಕಿದಿರಿ ಅನ್ನಿ. ಕಿಡಿ ಹಾರುವ ತುದಿ ಸಿಲಿಂಡರ್ ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲ್ಮುಚ್ಚಳದ, ತೂತಿನೊಳಗೇ ಅಡಗಿಬಿಡುತ್ತದೆ. ಪೆಟ್ರೋಲ್ ಮಿಶ್ರಣ ಇರುವುದು ಕೆಳಗೆ, ಕಿಡಿ ಹಾರುವುದು ಗೂಡಿನಲ್ಲಿ. ಎಂಜಿನ್ ಜೋಲುತ್ತದೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಗುತ್ತದೆ. ಪ್ಲಗ್ ತಲುಪದೆ ಖಾಲಿ ಉಳಿದ ಕೆಳಗಿನ ಥ್ರೆಡ್ಡಿನಲ್ಲಿ ಮಸಿ ಗಟ್ಟಿಯಾಗಿ ಕೂರುತ್ತದೆ. ಮುಂದೊಮ್ಮೆ ಸರಿಯಾದ ಪ್ಲಗ್ ತಂದು ತಿರುಗಿಸಿದಾಗ ಅದು ಅರ್ಧದಲ್ಲೇ ಬಿಗಿಯಾಗಿ ನಿಲ್ಲುತ್ತದೆ. ಜೋರು ಮಾಡಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋಗುತ್ತದೆ.

ಗಿಡ್ಡ ಬೇಕಾದಲ್ಲಿ ಉದ್ದ ಹಾಕಿದರೆ ಇನ್ನೂ ಅಪಾಯ. ಪ್ಲಗ್ಗಿನ ತುದಿ ಪಿಸ್ಟನ್‌ಗೋ ವಾಲ್ವ್‌ಗೋ ತಗಲಬಹುದು. ತಗಲದೇ ಇದ್ದರೂ, ಒಳಗೆ ಚಾಚಿದ ಥ್ರೆಡ್ಡಿನ ಅಂಚು ಕಾದು ಕೆಂಪಾಗುತ್ತದೆ. ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹತ್ತಿಸುತ್ತದೆ. ಆದ್ದರಿಂದ "ಕೂತುಕೊಳ್ತು, ಅಂದರೆ ಇದೇ ಪ್ಲಗ್" ಅನ್ನುವ ಲೆಕ್ಕ ಬೇಡ.

ಕೂರುವ ಜಾಗದಲ್ಲೂ ಎರಡು ಬಗೆ. ಕೆಲವು ಪ್ಲಗ್ಗಿಗೆ ವಾಷರ್ ಇರುತ್ತದೆ. ಕೆಲವಕ್ಕೆ ವಾಷರ್ ಇಲ್ಲದೆ ಓರೆ ಅಂಚು ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ.

ಇನ್ನು ಹೀಟ್ ರೇಂಜ್. ನನ್ನನ್ನು ಕೇಳಿದರೆ ಪ್ಲಗ್ ಆಯ್ಕೆಯ ಜೀವಾಳವೇ ಇದು. ಜನ ಅತಿ ಹೆಚ್ಚು ತಪ್ಪು ತಿಳಿದಿರುವುದೂ ಇದನ್ನೇ. ಹಾಟ್ ಪ್ಲಗ್, ಕೋಲ್ಡ್ ಪ್ಲಗ್ ಅನ್ನುವ ಮಾತು ಕೇಳಿರುತ್ತೀರಿ. ಹಾಟ್ ಅಂದರೆ ಜೋರಾದ ಕಿಡಿ, ಕೋಲ್ಡ್ ಅಂದರೆ ಸಣ್ಣ ಕಿಡಿ ಎಂದು ಹಲವರು ಅಂದುಕೊಂಡಿದ್ದಾರೆ. ಕಿಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಪ್ಲಗ್ಗಿನ ತುದಿ ತನ್ನ ಮೈಗೆ ಹತ್ತಿದ ಬಿಸಿಯನ್ನು ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ದಾಟಿಸುತ್ತದೆ ಅನ್ನುವುದೇ ಹೀಟ್ ರೇಂಜ್.

ಒಂದು ಪ್ಲಗ್ ತಲೆಕೆಳಗಾಗಿ ಹಿಡಿದು ತುದಿಯೊಳಗೆ ಇಣುಕಿ ನೋಡಿ. ನಡುಕಡ್ಡಿಯ ಸುತ್ತ ಪಿಂಗಾಣಿಯ ಮೂಗು ಕಾಣುತ್ತದೆ. ಅದರ ಸುತ್ತ ಒಂದು ಸಂದು, ಆಮೇಲೆ ಲೋಹದ ಮೈ. ಪಿಂಗಾಣಿ ಎಲ್ಲಿ ಲೋಹಕ್ಕೆ ತಾಗುತ್ತದೋ ಅಲ್ಲಿಂದಲೇ ಬಿಸಿ ಹೊರಗೆ ಹೋಗಬೇಕು. ಮೂಗು ಉದ್ದವಾಗಿದ್ದು ಆ ಸಂದು ಆಳಕ್ಕೆ ಹೋಗಿದ್ದರೆ ಬಿಸಿಗೆ ದೂರದ ದಾರಿ. ತುದಿ ಬಿಸಿಯಾಗಿಯೇ ಉಳಿಯುತ್ತದೆ. ಅದು ಹಾಟ್ ಪ್ಲಗ್. ಮೂಗು ಗಿಡ್ಡವಾಗಿದ್ದರೆ ಬಿಸಿ ಬೇಗ ಇಳಿದುಹೋಗುತ್ತದೆ. ಅದು ಕೋಲ್ಡ್ ಪ್ಲಗ್.

ಇದರ ಲೆಕ್ಕ ಯಾಕೆ ಬೇಕು? ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಮಸಿ ಕಟ್ಟುತ್ತಾ ಹೋಗುತ್ತದೆ. ಮಸಿ ವಿದ್ಯುತ್ತಿಗೆ ದಾರಿ ಕೊಡುತ್ತದಲ್ವಾ? ವೋಲ್ಟು ಗ್ಯಾಪ್ ಹಾರುವ ಬದಲು ಪಿಂಗಾಣಿಯ ಮೇಲಿನ ಮಸಿ ಹಿಡಿದು ಜಾರಿ ಹೋಗುತ್ತದೆ. ಎಂಜಿನ್ ಮಿಸ್ ಹೊಡೆಯುತ್ತದೆ. ಮೇಲಿನ ಕಡೆ, 800 ಡಿಗ್ರಿ ದಾಟಿ ಇನ್ನೂ ಏರಿದರೆ ತುದಿಯೇ ಕೆಂಡದ ಹಾಗಾಗಿ, ಕಿಡಿಗೆ ಕಾಯದೆ ಬೆಂಕಿ ಹೊತ್ತಿಸುತ್ತದೆ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಸ್ಫೋಟದ ಒತ್ತಡ ಅದನ್ನು ಕೆಳಗೆ ತಳ್ಳುತ್ತದೆ. ಇದು ಮುಂದುವರಿದರೆ ಪಿಸ್ಟನ್ ತಲೆ ಕರಗಿ ತೂತು ಬೀಳುವುದೂ ಉಂಟು. ಮಸಿ ಕಟ್ಟಿದ ಪ್ಲಗ್ ಒಂದು ಪ್ಲಗ್ಗಿನ ನಷ್ಟ, ಕಾದ ಪ್ಲಗ್ ಒಂದು ಎಂಜಿನ್ನಿನ ನಷ್ಟ. ಅನುಮಾನ ಇದ್ದಾಗ ಕೋಲ್ಡ್ ಕಡೆಗೆ ಒಂದು ಮೆಟ್ಟಿಲು ವಾಲಿಕೊಳ್ಳಿ ಅಂತ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಒಂದು ಮೆಟ್ಟಿಲು ಬದಲಾದರೆ ತುದಿಯ ಬಿಸಿ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ. ಸಣ್ಣ ವ್ಯತ್ಯಾಸವಲ್ಲ. ಹಾಗಾಗಿ ಮಾಮೂಲಿಯಾಗಿ ಓಡುವ, ಯಾವ ಮಾರ್ಪಾಡೂ ಮಾಡದ ಕಾರಿಗೆ ಕಂಪನಿ ಹೇಳಿದ ಹೀಟ್ ರೇಂಜನ್ನು ಬದಲಿಸುವ ಅಗತ್ಯವೇ ಇಲ್ಲ. ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ, ಟರ್ಬೊ ಒತ್ತಡ ಏರಿಸಿದವರು, ರೇಸಿಗೆ ಇಳಿಯುವವರು ಒಂದು ಮೆಟ್ಟಿಲು ಕೋಲ್ಡ್ ಹಾಕುತ್ತಾರೆ. ಗ್ಯಾಪನ್ನೂ ಸ್ವಲ್ಪ ಕಡಿಮೆ ಮಾಡುತ್ತಾರೆ. ದಿನಾ ಎರಡು ಕಿಲೋಮೀಟರ್ ಹೋಗಿ ಬರುವ ಕಾರಿಗೆ ಅದೇ ರೇಸಿನ ಪ್ಲಗ್ ಹಾಕಿದರೆ ಸ್ವಲ್ಪ ದಿನದಲ್ಲೇ ಮಸಿ ತುಂಬಿ ಸ್ಟಾರ್ಟ್ ಮಾಡುವುದೇ ಕಷ್ಟವಾಗುತ್ತದೆ.

ಇಲ್ಲೊಂದು ದೊಡ್ಡ ಬಲೆ ಇದೆ. ಹೀಟ್ ರೇಂಜ್ ಸೂಚಿಸುವ ಅಂಕಿ ಎಲ್ಲ ಕಂಪನಿಗಳಲ್ಲೂ ಒಂದೇ ದಿಕ್ಕಿಗೆ ಓಡುವುದಿಲ್ಲ. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್ ಮತ್ತು ಚಾಂಪಿಯನ್‌ನಲ್ಲಿ ಅಂಕಿ ಏರಿದಷ್ಟೂ ಹಾಟ್. ಎನ್‌ಜಿಕೆಯ 8 ಅಂದರೆ ಕೋಲ್ಡ್ ಪ್ಲಗ್. ಬಾಷ್‌ನ 8 ಅಂದರೆ ಹಾಟ್ ಕಡೆಯದ್ದು, ಹೆಚ್ಚುಕಮ್ಮಿ ಎನ್‌ಜಿಕೆಯ 5ಕ್ಕೆ ಸಮ. ಡೆನ್ಸೊದ ಲೆಕ್ಕವೇ ಬೇರೆ, ಅಲ್ಲಿನ 20 ಎನ್‌ಜಿಕೆಯ 6ಕ್ಕೆ ಸರಿಸಮ. ಕಂಪನಿ ಬದಲಿಸುವಾಗ ಅಂಕಿಗೆ ಅಂಕಿ ತಾಳೆ ನೋಡಬೇಡಿ. ಹೊಸ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಹುಡುಕಿ ಅಲ್ಲಿ ಕೊಟ್ಟ ನಂಬರನ್ನೇ ತನ್ನಿ.

ನಂಬರ್ ಅಂದೆ. ಪಿಂಗಾಣಿಯ ಮೇಲೆ ಅಚ್ಚಾಗಿರುವ ಆ ಅಕ್ಷರ, ಅಂಕಿಗಳಲ್ಲಿ ಇಷ್ಟು ಹೊತ್ತು ಹೇಳಿದ್ದೆಲ್ಲ ಇರುತ್ತದೆ. ಒಂದನ್ನು ಬಿಡಿಸಿ ನೋಡೋಣ. ಎನ್‌ಜಿಕೆಯ ಒಂದು ಹಳೇ ಪ್ಲಗ್, ಬಿ-ಪಿ-ಆರ್-6-ಇ-ಎಸ್. ಬಿ ಅಂದರೆ 14 ಮಿಲಿಮೀಟರ್ ಥ್ರೆಡ್, ಸ್ಪ್ಯಾನರ್ ಹಿಡಿಯುವ ಭಾಗ 20.8 ಮಿಲಿಮೀಟರ್. ಪಿ ಅಂದರೆ ಪಿಂಗಾಣಿಯ ಮೂಗು ಲೋಹದ ಮೈಯಿಂದ ಸ್ವಲ್ಪ ಹೊರಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಹೀಟ್ ರೇಂಜ್. ಇ ಅಂದರೆ ರೀಚ್ 19 ಮಿಲಿಮೀಟರ್. ಎಸ್ ಅಂದರೆ ಮಾಮೂಲಿ ಬಗೆಯ ನಡುಕಡ್ಡಿ. ಕೊನೆಯಲ್ಲಿ ಒಂದು ಗೆರೆ ಹಾಕಿ 11 ಎಂದಿದ್ದರೆ ಗ್ಯಾಪ್ 1.1 ಮಿಲಿಮೀಟರ್. ಒಂದು ಅಕ್ಷರ ಬದಲಾದರೂ ಪ್ಲಗ್ ಬೇರೆ ಆಯಿತು. ಅಂಗಡಿಯವರು "ಇದೂ ಅದೂ ಒಂದೇ ಸಾರ್, ಎಲ್ಲರೂ ಹಾಕ್ತಾರೆ" ಅಂದರೆ ಯಾವ ಅಕ್ಷರ ಬೇರೆ ಇದೆ ಎಂದು ನೋಡಿ. ಬೇರೆ ಇರುವುದು ತುದಿಯ ಲೋಹ ಸೂಚಿಸುವ ಅಕ್ಷರವಾಗಿದ್ದರೆ ತೊಂದರೆ ಇಲ್ಲದಿರಬಹುದು. ರೀಚ್ ಅಥವಾ ಹೀಟ್ ರೇಂಜ್ ಬೇರೆಯಾಗಿದ್ದರೆ ವಾಪಸ್ ಕೊಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇನ್ನೊಂದು ಮಾತು. ಎಂಜಿನ್ನಿನಲ್ಲಿ ಈಗ ಇರುವ ಪ್ಲಗ್ಗೇ ಸರಿಯಾದದ್ದು ಎಂದು ನಂಬಬೇಡಿ. ಹಿಂದಿನವರು ಸಿಕ್ಕಿದ್ದು ಹಾಕಿಸಿರಬಹುದು. ಕಾರಿನ ಜೊತೆ ಬಂದ ಪುಸ್ತಕದಲ್ಲಿ, ಇಲ್ಲವೇ ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ಏನು ಬರೆದಿದೆ ನೋಡಿ. ಎಷ್ಟು ಬೇಕು ಅನ್ನುವುದನ್ನೂ ನೋಡಿಕೊಳ್ಳಿ. ಹೊಂಡಾದ ಐ-ಡಿಎಸ್‌ಐ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡು ಪ್ಲಗ್, ಅಂದರೆ ನಾಲ್ಕು ಸಿಲಿಂಡರಿಗೆ ಎಂಟು. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ನಿನಲ್ಲಂತೂ ಮೇಲಿನ ಪ್ಲಗ್ಗೇ ಬೇರೆ, ಕೆಳಗಿನದ್ದೇ ಬೇರೆ.

ಸರಿ, ಈಗ ಆ ಮೂರು ಡಬ್ಬಿಗಳಿಗೆ ಬರೋಣ. ಮಾಮೂಲಿ ಪ್ಲಗ್ಗಿನ ತುದಿ ನಿಕ್ಕಲ್ ಮಿಶ್ರಲೋಹದ್ದು. ಅದನ್ನು ಕಾಪರ್ ಪ್ಲಗ್ ಅಂತಲೂ ಕರೆಯುತ್ತಾರೆ. ಆದರೆ ತಾಮ್ರ ಇರುವುದು ಕಡ್ಡಿಯ ಒಳಗೆ, ಬಿಸಿ ಸಾಗಿಸಲು. ನಿಕ್ಕಲ್ 1455 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1768ಕ್ಕೆ, ಇರಿಡಿಯಂ 2446ಕ್ಕೆ. ಒಂದೊಂದು ಕಿಡಿಗೂ ತುದಿಯಿಂದ ಲೋಹ ಚೂರುಚೂರೇ ಸವೆಯುತ್ತದೆ. ಇರಿಡಿಯಂ ಗಟ್ಟಿ ಲೋಹ, ಬಹಳ ನಿಧಾನವಾಗಿ ಸವೆಯುತ್ತದೆ. ಅದಕ್ಕೇ ಅದರ ಕಡ್ಡಿಯನ್ನು 0.6, ಕೆಲವದರಲ್ಲಿ 0.4 ಮಿಲಿಮೀಟರ್‌ನಷ್ಟು ತೆಳ್ಳಗೆ ಮಾಡಬಹುದು. ತೆಳ್ಳಗಿನ ತುದಿಯಿಂದ ಕಿಡಿ ಕಡಿಮೆ ವೋಲ್ಟಿಗೇ ಹಾರುತ್ತದೆ. ಹುಟ್ಟಿದ ಜ್ವಾಲೆಯ ಬಿಸಿಯನ್ನು ಹೀರಿಕೊಳ್ಳುವ ಲೋಹವೂ ಅಲ್ಲಿ ಕಡಿಮೆ.

ಹಾಗಾದರೆ ಇರಿಡಿಯಂ ಹಾಕಿದರೆ ಪಿಕಪ್ ಏರುತ್ತದಾ, ಮೈಲೇಜ್ ಏರುತ್ತದಾ? ಸವೆದ ಪ್ಲಗ್ ತೆಗೆದು ಹೊಸದು ಹಾಕಿದಾಗ ಎಂಜಿನ್ ಹಗುರಾದ ಹಾಗೆ ಅನ್ನಿಸುವುದು ನಿಜ. ಹೊಸ ನಿಕ್ಕಲ್ ಪ್ಲಗ್ ಹಾಕಿದ್ದರೂ ಹಾಗೇ ಅನ್ನಿಸುತ್ತಿತ್ತು. ಇರಿಡಿಯಂಗೆ ಕೊಡುವ ದುಡ್ಡು ಬಾಳಿಕೆಗೆ ಕೊಡುವ ದುಡ್ಡು. ನಿಕ್ಕಲ್ ಪ್ಲಗ್ ಎಂಜಿನ್ನಿಗೆ ತಕ್ಕ ಹಾಗೆ ಮೂವತ್ತರಿಂದ ಐವತ್ತು ಸಾವಿರ ಕಿಲೋಮೀಟರ್ ಬರುತ್ತದೆ. ಒಳ್ಳೇ ಇರಿಡಿಯಂ ಲಕ್ಷ ಕಿಲೋಮೀಟರ್ ಬರುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಕೆಲವು ಇರಿಡಿಯಂ ಪ್ಲಗ್‌ಗಳಲ್ಲಿ ನಡುಕಡ್ಡಿ ಮಾತ್ರ ಇರಿಡಿಯಂ, ಎದುರಿನ ಪಟ್ಟಿ ಬರೀ ನಿಕ್ಕಲ್. ಪಟ್ಟಿ ಬೇಗ ಸವೆಯುತ್ತದೆ, ಬಾಳಿಕೆಯೂ ಅಷ್ಟಕ್ಕೇ. ಎದುರಿನ ಪಟ್ಟಿಗೂ ಪ್ಲಾಟಿನಂ ಅಥವಾ ಇರಿಡಿಯಂ ಚುಕ್ಕೆ ಬೆಸೆದಿದ್ದರೆ ಮಾತ್ರ ಆ ಲಕ್ಷದ ಮಾತು.

ಕೆಲವು ಎಂಜಿನ್ನುಗಳಿಗೆ ಎರಡೂ ಕಡೆ ಗಟ್ಟಿ ಲೋಹ ಬೇಕೇ ಬೇಕು. ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುವ ವ್ಯವಸ್ಥೆ ಉಂಟು. ಅಲ್ಲಿ ಎರಡು ಪ್ಲಗ್ಗಿನಲ್ಲೂ ಒಟ್ಟಿಗೇ ಕಿಡಿ ಹಾರುತ್ತದೆ. ಒಂದು ಕಿಡಿ ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆ ಹೊರಹೋಗುವ ಹೊತ್ತಿಗೆ ವ್ಯರ್ಥವಾಗಿ ಹಾರುತ್ತದೆ. ಒಂದರಲ್ಲಿ ಕಡ್ಡಿಯಿಂದ ಪಟ್ಟಿಗೆ, ಇನ್ನೊಂದರಲ್ಲಿ ಪಟ್ಟಿಯಿಂದ ಕಡ್ಡಿಗೆ. ಹೀಗಾಗಿ ಅರ್ಧ ಪ್ಲಗ್‌ಗಳಲ್ಲಿ ಪಟ್ಟಿಯೇ ಮೊದಲು ಸವೆಯುತ್ತದೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಕಾರು ಇರಿಡಿಯಂ ಜೊತೆ ಬಂದಿದ್ದರೆ ಉಳಿತಾಯ ಅಂತ ನಿಕ್ಕಲ್‌ಗೆ ಇಳಿಯಬೇಡಿ. ಗ್ಯಾಪ್ ಬೇಗ ಅಗಲವಾಗುತ್ತದೆ, ಅದನ್ನು ದಾಟಿಸಲು ಕಾಯಿಲ್ ಹೆಚ್ಚು ಹೆಣಗಬೇಕಾಗುತ್ತದೆ. ಹಾಳಾದ ಕಾಯಿಲ್‌ನ ಬೆಲೆಯಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಕಾರು ನಿಕ್ಕಲ್ ಜೊತೆ ಬಂದಿದ್ದು ಪ್ಲಗ್ ಸುಲಭವಾಗಿ ಕೈಗೆ ಸಿಗುವಂತಿದ್ದರೆ ನಿಕ್ಕಲ್ಲೇ ಸಾಕು. ಪ್ಲಗ್ ತಲುಪಲು ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡೇ ಬಿಚ್ಚಬೇಕು ಅನ್ನುವಂಥ ಎಂಜಿನ್ ಆಗಿದ್ದರೆ ಬಾಳಿಕೆ ಬರುವುದನ್ನು ಹಾಕಿಸಿ ನೆಮ್ಮದಿಯಾಗಿರಿ. ಎರಡು, ಮೂರು, ನಾಲ್ಕು ಪಟ್ಟಿ ಇರುವ ಪ್ಲಗ್ಗೂ ಸಿಗುತ್ತದೆ. ನಾಲ್ಕು ಕಿಡಿ ಒಟ್ಟಿಗೆ ಹಾರುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ಕಿಡಿ ಒಂದು ಸಲಕ್ಕೆ ಒಂದೇ ಪಟ್ಟಿಗೆ, ಸುಲಭದ ದಾರಿ ಹುಡುಕಿ ಹಾರುತ್ತದೆ. ಹಲವು ಪಟ್ಟಿ ಇಟ್ಟಿರುವುದು ಸವೆತ ಹಂಚಿಹೋಗಲಿ ಅಂತ.

ಗ್ಯಾಪ್ ಬಗ್ಗೆ ಚುಟುಕಾಗಿ. ಹೆಚ್ಚಿನ ಕಾರುಗಳಿಗೆ 0.7ರಿಂದ 1.1 ಮಿಲಿಮೀಟರ್ ಒಳಗೆ ಇರುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಒತ್ತಡ ಜಾಸ್ತಿ, ಕಿಡಿ ಹಾರಲು ಹೆಚ್ಚು ವೋಲ್ಟು ಬೇಕು, ಆದ್ದರಿಂದ ಗ್ಯಾಪ್ ಕಡಿಮೆ. ಗ್ಯಾಸಿನಲ್ಲಿ ಓಡುವ ಕಾರಿಗೂ ಪೆಟ್ರೋಲಿಗಿಂತ ಹೆಚ್ಚು ವೋಲ್ಟು ಬೇಕಾಗುತ್ತದೆ. ಪೆಟ್ರೋಲಿನಲ್ಲಿ ಚೆನ್ನಾಗಿ ಓಡಿ ಗ್ಯಾಸಿಗೆ ಹಾಕಿದ ಕೂಡಲೇ ಎಳೆದಾಡುವ ಕಾರು ಕಂಡರೆ ಮೊದಲು ಪ್ಲಗ್ ತೆಗೆದು ನೋಡಿ. ಡಬ್ಬಿಯಿಂದ ತೆಗೆದ ಹೊಸ ನಿಕ್ಕಲ್ ಪ್ಲಗ್ಗಾದರೂ ಗ್ಯಾಪ್ ಒಮ್ಮೆ ಅಳೆಯಿರಿ. ತಂತಿಯ ಗೇಜ್ ಒಳ್ಳೆಯದು. ಇರಿಡಿಯಂ ಪ್ಲಗ್ಗಿಗೆ ಗೇಜನ್ನು ತುರುಕಿ ಮೀಟಬೇಡಿ, ಕೂದಲಂಥ ತುದಿ ಮುರಿದುಹೋಗುತ್ತದೆ. ತಂತಿ ಬ್ರಷ್ಷಂತೂ ಬೇಡವೇ ಬೇಡ. ಕೈಜಾರಿ ನೆಲಕ್ಕೆ ಬಿದ್ದ ಪ್ಲಗ್ ಒಳಗೇ ಸೀಳಿರಬಹುದು, ಅದನ್ನು ಹಾಕದಿರುವುದೇ ವಾಸಿ.

ರೆಸಿಸ್ಟರ್ ಅಂದೆನಲ್ಲ, ಅದರ ವಿಷಯ ರೇಡಿಯೋದಲ್ಲಿ ಹೇಳದೆ ಬಿಟ್ಟರೆ ಹೇಗೆ? ಕಿಡಿ ಹಾರುವಾಗಲೆಲ್ಲ ಅದೂ ಒಂದು ಪುಟ್ಟ ಪ್ರಸಾರ ಕೇಂದ್ರದ ಹಾಗೆ ಅಲೆ ಎಬ್ಬಿಸುತ್ತದೆ. ಅದನ್ನು ತಗ್ಗಿಸಲು ಪ್ಲಗ್ಗಿನೊಳಗೆ ಸುಮಾರು 5000 ಓಮ್‌ನ ರೆಸಿಸ್ಟರ್ ಇಟ್ಟಿರುತ್ತಾರೆ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಾರಿನ ರೇಡಿಯೋದಲ್ಲಿ, ಅದರಲ್ಲೂ ಮೀಡಿಯಂ ವೇವ್‌ನಲ್ಲಿ, ಎಕ್ಸಲರೇಟರ್ ಒತ್ತಿದಷ್ಟೂ ಏರುವ ಪರಪರ ಸದ್ದು ಕೇಳುತ್ತದೆ. ಈಗಿನ ಕಾರುಗಳಲ್ಲಿ ರೇಡಿಯೋ ಕಿರಿಕಿರಿ ಒಂದೇ ಅಲ್ಲ, ಎಂಜಿನ್ ನಡೆಸುವ ಕಂಪ್ಯೂಟರೂ ಗೊಂದಲಕ್ಕೆ ಬೀಳಬಹುದು. ಪುಸ್ತಕದಲ್ಲಿ ರೆಸಿಸ್ಟರ್ ಪ್ಲಗ್ ಎಂದಿದ್ದರೆ ಅದನ್ನೇ ಹಾಕಿ.

ಹಾಕುವಾಗ ಎಂಜಿನ್ ತಣ್ಣಗಿರಲಿ. ಪ್ಲಗ್ ಬಾವಿಯಲ್ಲಿ ಕೂತ ಧೂಳನ್ನು ಊದಿ ತೆಗೆದ ಮೇಲೆಯೇ ಹಳೆಯದನ್ನು ಬಿಚ್ಚಿ. ಹೊಸ ಪ್ಲಗ್ಗಿನ ಮೇಲ್ತುದಿಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ, ಅದರಿಂದಲೇ ಬೆರಳಲ್ಲಿ ತಿರುಗಿಸುತ್ತಾ ಇಳಿಸಿ. ಥ್ರೆಡ್ ಓರೆಯಾಗಿ ಕಚ್ಚಿದರೆ ಪೈಪ್ ಸುಮ್ನೆ ಜಾರುತ್ತದೆ, ಹೆಡ್ಡಿಗೆ ಏಟಾಗುವುದಿಲ್ಲ. ಪೂರ್ತಿ ಕೂತ ಮೇಲಷ್ಟೇ ಸ್ಪ್ಯಾನರ್. ಹೊಸ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್ಗಾದರೆ ಇನ್ನು ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ವಾಷರ್ ಇಲ್ಲದ ಓರೆ ಅಂಚಿನ ಪ್ಲಗ್ಗಿಗೆ ಒಂದು ಸುತ್ತಿನ ಹದಿನಾರನೇ ಒಂದು ಭಾಗ ಸಾಕು. ಟಾರ್ಕ್ ರೆಂಚ್ ಇದ್ದರೆ ಪುಸ್ತಕ ಹೇಳಿದಷ್ಟಕ್ಕೆ ಇಟ್ಟುಕೊಳ್ಳಿ. ಥ್ರೆಡ್ಡಿಗೆ ಗ್ರೀಸು ಸವರುವ ಅಭ್ಯಾಸ ಕೆಲವರಿಗಿದೆ. ಲೇಪನ ಇರುವ ಪ್ಲಗ್ಗಿಗೆ ಅದು ಬೇಡ. ಜಾರಿಕೆಯಿಂದ ಗೊತ್ತಾಗದೆ ಅತಿಯಾಗಿ ಬಿಗಿಯುತ್ತೀರಿ.

ಬಿಚ್ಚಿದ ಹಳೇ ಪ್ಲಗ್‌ಗಳನ್ನು ಮಾತ್ರ ಬೆರೆಸಬೇಡಿ. ಒಂದನೇ ಸಿಲಿಂಡರಿನದ್ದು, ಎರಡನೆಯದ್ದು ಎಂದು ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಹಾಕಿದ್ದ ಪ್ಲಗ್ ಸರಿಯಾಗಿತ್ತು, ಎಂಜಿನ್ನೂ ಚೆನ್ನಾಗಿದೆ. ಎಲ್ಲದರಲ್ಲೂ ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು, ಇಲ್ಲವೇ ಕಾರು ಬರೀ ಸಣ್ಣ ಓಡಾಟ ಮಾಡುತ್ತಿದೆ, ಇಲ್ಲವೇ ಪ್ಲಗ್ ಬೇಕಾದ್ದಕ್ಕಿಂತ ಕೋಲ್ಡ್. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಕಾದಿದೆ. ಅದನ್ನು ಕಂಡರೆ ತಡ ಮಾಡದೆ ಕಾರಣ ಹುಡುಕಿಸಿ. ಹೊರಗಿನ ಪಿಂಗಾಣಿಯ ಮೇಲೆ, ಲೋಹ ಶುರುವಾಗುವ ಕಡೆ, ಕಂದು ಪಟ್ಟೆ ಕಂಡರೆ ಗಾಬರಿ ಬೇಡ. ಹೆಚ್ಚು ವೋಲ್ಟು ಎಣ್ಣೆಯ ಕಣಗಳನ್ನು ಸೆಳೆದು ಅಂಟಿಸಿದ ಕಲೆ ಅದು, ಗ್ಯಾಸ್ ಸೋರಿಕೆ ಅಲ್ಲ.

ಮೂರು ಚೆನ್ನಾಗಿದ್ದು ಒಂದೇ ಒಂದು ಕರಿಯಾಗಿದ್ದರೆ ಕೇಸು ಬೇರೆ. ಹೊಸ ಪ್ಲಗ್ ಹಾಕಿದ ಮೇಲೂ ಅದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಅದರ ಕಾಯಿಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ. ದೋಷ ಕಾಯಿಲ್ ಜೊತೆಗೇ ಹೋದರೆ ಕಾಯಿಲ್ ಬದಲಿಸಿ. ಅಲ್ಲೇ ಉಳಿದರೆ ಇಂಜೆಕ್ಟರ್ ನೋಡಿಸಬೇಕು. ಆ ಒಂದು ಪ್ಲಗ್ ಎಣ್ಣೆಯಲ್ಲಿ ತೊಯ್ದು ಜಿಡ್ಡಾಗಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಎಣ್ಣೆ ಬಿಡುತ್ತಿದೆ, ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಸಿ. ಅಲ್ಲಿಗೆ ಹಾಟ್ ಪ್ಲಗ್ ಹಾಕಿ ಎಣ್ಣೆ ಸುಡಿಸುವ ಹಳೇ ಉಪಾಯ ಒಂದಿದೆ. ಕೆಲವು ದಿನ ನಡೆಯುತ್ತದೆ, ಅಷ್ಟೇ. ಎಣ್ಣೆ ಬರುವುದು ನಿಲ್ಲುವುದಿಲ್ಲ, ಬಿಸಿಯಾದ ಪ್ಲಗ್ ಮಾತ್ರ ಪಿಸ್ಟನ್ ಮೇಲೆ ಕೂತಿರುತ್ತದೆ.

ನಮಸ್ಕಾರ.